ಡ್ರಮ್ ನಿಲ್ಲಿಸಿದ ಮೇಲೆ

ಎಡಿಟರ್ ಹುಡುಗಿ ಡ್ರಮ್ಮಿನ ಸದ್ದನ್ನು ಪೂರ್ತಿ ಇಳಿಸಿದಳು. ಹೆಡ್‌ಫೋನಿನೊಳಗೆ ಬಡಿತ ಮಾತ್ರ ನಿಲ್ಲಲಿಲ್ಲ.

ರೇಡಿಯೊಗೆ ಹೋಗುವ ಹಾಡುಗಳಲ್ಲಿ ಬೈಗುಳ ಬಂದ ಕಡೆ ಬೀಪ್ ಹಾಕುವುದು ಅವಳ ಕೆಲಸ. ಬೆಳಿಗ್ಗೆ ಹೆಣ್ಣುಮಗಳೊಬ್ಬಳ ರ‍್ಯಾಪ್ ಬಂದಿತ್ತು. ಇದ್ದದ್ದು ಒಂದೇ ಬೈಗುಳ. "ಬೀಪ್ ಬೇಡ, ಹಾಡನ್ನೇ ತೆಗಿ. ಹೆಂಗಸಿಗೆ ಇಷ್ಟುದ್ದ ನಾಲಿಗೆ ಯಾಕೆ?" ಎಂದು ಮುಖ್ಯಸ್ಥರು ಮುಖ ಸಿಂಡರಿಸಿದ್ದರು. ಈಗಿನದು ಹೆಸರಾಂತ ಗಾಯಕನದು. ಎದುರು ಮಾತಾಡಿದವಳನ್ನು ಕೋಣೆಗೆ ನೂಕಿ, ಬೀಗ ಜಡಿದು, ಕೀಲಿಕೈ ಬಾವಿಗೆಸೆದೆ ಎಂದು ಅವನು ನಗುನಗುತ್ತಾ ಹಾಡಿದ್ದ. ಬೈಗುಳ ಒಂದೂ ಇರಲಿಲ್ಲ. ಹಾಗಾಗಿ ಅದು ಕಲೆ.

ಅವಳು ಅವನ ದನಿಯನ್ನೂ ಇಳಿಸಿದಳು. ಪರದೆಯ ಮೇಲಿನ ಗೆರೆಗಳೆಲ್ಲ ಸಪಾಟಾದವು. ಬಡಿತ ಇನ್ನೂ ಕೇಳುತ್ತಿತ್ತು, ಮರದ ಬಾಗಿಲಿಗೆ ಅಂಗೈ ಬಡಿದ ಹಾಗೆ. ನಡುನಡುವೆ ಉಗುರು ಕೆರೆಯುವ ಸದ್ದು.

"ಸರ್, ಎಲ್ಲಾ ಬಂದ್ ಮಾಡಿದೀನಿ. ಆದ್ರೂ ಒಳಗೆ ಯಾರೋ ಬಾಗ್ಲು ಬಡೀತಿದಾರೆ. ನೀವೇ ಕೇಳಿ."

ಮುಖ್ಯಸ್ಥರು ಹೆಡ್‌ಫೋನ್ ಕಿವಿಗೇರಿಸಿ ಕಣ್ಣು ಮುಚ್ಚಿದರು. ಅವಳು ಅವರ ಮುಖವನ್ನೇ ನೋಡುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ಅವರ ತಲೆ ಮೆಲ್ಲಗೆ ತೂಗತೊಡಗಿತು; ಬೆರಳುಗಳು ಮೇಜಿನ ಮೇಲೆ, ಆ ಬಡಿತಕ್ಕೆ ಸರಿಯಾಗಿ, ತಾಳ ಹಾಕತೊಡಗಿದವು.

"ಒಳ್ಳೆ ಬೀಟಮ್ಮಾ ಇದು. ಹಾಗೇ ಬಿಡು."