ಗಂಜಿಯ ಪಾಠ

ನಾನು ಒಮ್ಮೆ ಕೆಕ್ಕರಿಸಿ ನೋಡಿದರೆ ಸಾಕು, ಮರದಲ್ಲಿರುವ ಲಿಚಿ ಹಣ್ಣು ಹೆದರಿ ತನ್ನ ಸಿಹಿಯನ್ನೆಲ್ಲ ಬೇರಿಗೆ ವಾಪಸು ಕಳಿಸಿಬಿಡುತ್ತದೆ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ನನ್ನ ವಿದ್ಯೆ ಅಷ್ಟು ದೊಡ್ಡದು. ಚಾವ್‌ಚೌ ಊರಿನ ಡಾಕ್ಟರುಗಳು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ, ಎಲ್ಲಿ ಪ್ರಶ್ನೆ ಕೇಳಿಬಿಡುತ್ತೇನೋ ಎಂದು. ಅಂಥ ನನ್ನ ಮನೆಗೆ ಆ ಬೆಳಿಗ್ಗೆ ಪಕ್ಕದ ಓಣಿಯ ಚೈ ಅಕ್ಕ ಚಪ್ಪಲಿಯನ್ನೂ ಬಿಡದೆ ನುಗ್ಗಿದಳು.

"ಎಲ್ಲಿದ್ದೀಯೋ ಖುನ್, ಮಹಾಪಂಡಿತ? ನೋಡು ಇದನ್ನ!" ಎಂದು ಸಕ್ಕರೆ ಅಳೆಯುವ ಪುಟ್ಟ ಯಂತ್ರವನ್ನು ನನ್ನ ಮೂಗಿಗೇ ಹಿಡಿದಳು. "ಹತ್ತೊಂಬತ್ತು! ಹತ್ತು ದಾಟಿದ್ರೇ ಕಷ್ಟ ಅಂತಾಳೆ ನನ್ನ ಮಗಳು. ನಿನ್ನ ಮಾತು ಕಟ್ಕೊಂಡು ಅನ್ನ ಬಿಟ್ಟು ಮೂರು ಹೊತ್ತೂ ಬಿಳಿ ಗಂಜಿ ಕುಡಿದೆನಲ್ಲೋ!"

"ಯಂತ್ರ ಕೆಟ್ಟಿರತ್ತೆ ಅಕ್ಕಾ. ಕೂತ್ಕೋ, ಚಹಾ ಕುಡಿ," ಎಂದು ನಾನು ಪುಟ್ಟ ಬಟ್ಟಲುಗಳಿಗೆ ಬಿಸಿನೀರು ಸುರಿದೆ. ನನ್ನ ಕೈಯ ಚಹಾ ಕುಡಿದರೆ ಮೊಸಳೆಗೂ ಸಿಟ್ಟು ಇಳಿಯುತ್ತದೆ. ಚೈ ಅಕ್ಕನಿಗೆ ಇಳಿಯಲಿಲ್ಲ.

ಕಿಟಕಿಯ ಹತ್ತಿರ ಕಸೂತಿಯ ಚೌಕಟ್ಟಿನ ಮುಂದೆ ಕೂತಿದ್ದ ನನ್ನ ಹೆಂಡತಿ ಯುಲ್ವಾನ್ ತಲೆ ಎತ್ತಿದಳು. ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವುದು ನನಗಲ್ಲ, ಅವಳಿಗೆ. ಹೋದ ತಿಂಗಳು ಆಸ್ಪತ್ರೆಯಲ್ಲಿ ಆ ಕಾಯಿಲೆಯ ಬಗ್ಗೆ ಪಾಠ ಇಟ್ಟಿದ್ದರು. ಗುಡಿಯ ಪರದೆಗೆ ಚಿನ್ನದ ದಾರದ ಡ್ರ್ಯಾಗನ್ ತುಂಬುವ ಕೆಲಸ ಅರ್ಧಕ್ಕೆ ನಿಂತಿದ್ದರಿಂದ ಅವಳ ಬದಲು ನಾನು ಹೋಗಿದ್ದೆ. ಪಾಠ ನಡೆದದ್ದು ಬೀಜಿಂಗ್ ಭಾಷೆಯಲ್ಲಿ; ದಕ್ಷಿಣದ ನಮ್ಮೂರಿನ ಮುದುಕರಿಗೆ ಅದು ಬಾರದು. ಪ್ರಾಯದಲ್ಲಿ ಲಾರಿ ಓಡಿಸಿಕೊಂಡು ಚೀನಾದ ಗೋಡೆಯನ್ನೇ ಸವೆಸಿ ಬಂದವನು ನಾನು, ಆ ಭಾಷೆ ನನ್ನ ಮನೆಯ ನಾಯಿಗೂ ಬರುತ್ತದೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡಿದ್ದೆ. ನಮ್ಮ ಮನೆಯಲ್ಲಿ ನಾಯಿಯಿಲ್ಲ.

"ಏ ಮುದುಕಾ, ಗಂಜಿ ಕುಡೀರಿ ಅಂತ ಡಾಕ್ಟರೇ ಹೇಳಿದ್ರು ಅಂದ್ಯಲ್ಲ?" ಎಂದಳು ಯುಲ್ವಾನ್.

"ಹೇಳದೆ? ಗೋಡೆ ಮೇಲೆ ಗಂಜಿ ಬಟ್ಟಲಿನ ಚಿತ್ರ ತೋರಿಸಿ ಅರ್ಧ ಗಂಟೆ ಅದರ ಮೇಲೇ ಮಾತಾಡಿದ್ರು ಕಣೇ! ಜ್ವರ ಬಂದ್ರೆ ಗಂಜಿ, ಹೆತ್ತವಳಿಗೆ ಗಂಜಿ, ಸಾಯೋವನಿಗೂ ಗಂಜಿ. ಗಂಜಿಯನ್ನ ಬಯ್ಯೋ ಡಾಕ್ಟರು ಇನ್ನೂ ಹುಟ್ಟಿಲ್ಲ."

"ಹುಟ್ಟಿದಾನೆ!" ಚೈ ಅಕ್ಕ ಮೇಜು ಗುದ್ದಿದಳು. "ನಿನ್ನೆ ಮಗಳು ಊರಿಗೆ ಬಂದು ಆಸ್ಪತ್ರೆಗೇ ಹೋಗಿ ಕೇಳಿದ್ಲು. ಅಕ್ಕಿ ಬೆಂದು ಕರಗಿದಷ್ಟೂ ಸಕ್ಕರೆ ಬೇಗ ಏರತ್ತಂತೆ. ಅದನ್ನ ಮುಟ್ಟಬೇಡಿ ಅಂತಲೇ ಆವತ್ತು ಅರ್ಧ ಗಂಟೆ ಬಡ್ಕೊಂಡನಂತೆ ಆ ಡಾಕ್ಟರು!"

ಯುಲ್ವಾನ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಬಂದು ಬೆರಳು ಚಾಚಿದಳು. ಚೈ ಅಕ್ಕ ಚುಚ್ಚಿ ನೋಡಿದಳು. ಇಪ್ಪತ್ತೊಂದು.

"ಅದಕ್ಕೇನಾ," ಎಂದಳು ಯುಲ್ವಾನ್ ಮೆಲ್ಲಗೆ, "ಈ ಹದಿನೈದು ದಿನದಿಂದ ದಾರ ಪೋಣಿಸೋಕೆ ಆಗ್ತಿಲ್ಲ ನಂಗೆ. ಡ್ರ್ಯಾಗನ್ನಿನ ಕಣ್ಣು ಎಲ್ಲಿ ಬರಬೇಕು ಅಂತ ಬೆರಳಲ್ಲಿ ತಡವಿ ನೋಡ್ತಿದೀನಿ. ವಯಸ್ಸಾಯ್ತು ಅಂದ್ಕೊಂಡಿದ್ದೆ."

ಆಗಲೂ ನನ್ನ ನಾಲಿಗೆ ಅಭ್ಯಾಸ ಬಿಡಲಿಲ್ಲ. "ಅಕ್ಕಾ, ನೀನೂ ಇದ್ಯಲ್ಲ ಪಾಠದಲ್ಲಿ, ನನ್ನ ಪಕ್ಕದಲ್ಲೇ! ತಪ್ಪು ಅಂತ ಗೊತ್ತಾಗಿದ್ರೆ ಆಗಲೇ ಬಾಯಿ ಬಿಡಬಾರದಿತ್ತಾ? 'ತಿಳೀತಾ?' ಅಂತ ಡಾಕ್ಟರು ಕೇಳಿದಾಗ ನೀನೂ ತಾನೇ 'ತಿಳೀತು' ಅಂತ ಕೂಗಿದ್ದು?"

"ಆ ಡಾಕ್ಟರು ಹುಡುಗ ಯಾವುದೋ ದೂರದ ಸೀಮೆಯವನು, ಅವನ ಭಾಷೆ ನಂಗೆ ಬರತ್ತೇನೋ?" ಚೈ ಅಕ್ಕನ ಧ್ವನಿ ಏರಿತು. "ನೀನು ಮಾತು ಮಾತಿಗೂ ತಲೆ ತೂಗ್ತಿದ್ದೆ, ನಗೋ ಕಡೆ ನಗ್ತಿದ್ದೆ. ಎಲ್ಲರಿಗಿಂತ ಮೊದ್ಲು 'ತಿಳೀತು' ಅಂತ ಕಿರುಚಿದ್ದೂ ನೀನೇ. ಬಲ್ಲವನು ಪಕ್ಕದಲ್ಲೇ ಇದಾನೆ, ಆಮೇಲೆ ಕೇಳ್ಕೊಂಡ್ರಾಯ್ತು ಅಂತ ನಾನೂ ಕೂಗಿದೆ. ನನ್ನ ಹಿಂದಿನ ಸಾಲೆಲ್ಲ ನನ್ನ ನೋಡಿ ಕೂಗ್ತು. ಎಷ್ಟು ಮನೇಲಿ ಗಂಜಿ ಕುದೀತಿದೆಯೋ ಏನೋ!"

ಯುಲ್ವಾನ್ ನನ್ನ ಮುಖದ ತೀರ ಹತ್ತಿರ ಬಂದು ಕಣ್ಣು ಕಿರಿದು ಮಾಡಿದಳು. ನನ್ನನ್ನು ಗದರಿಸಲಿಕ್ಕಲ್ಲ, ಅಷ್ಟು ಹತ್ತಿರ ಬಂದರೇನೇ ಅವಳಿಗೆ ನಾನು ಕಾಣಿಸುತ್ತಿದ್ದೆ.

"ಒಂದೇ ಒಂದು ಸಲ ನಿಜ ಹೇಳು. ಡಾಕ್ಟರು ಹೇಳಿದ್ದರಲ್ಲಿ ನಿಂಗೆ ಏನು ತಿಳೀತು?"

ಎಷ್ಟೋ ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತವು. ಒಂದೂ ಹೊರಗೆ ಬರಲಿಲ್ಲ.

"ಏನೂ ಇಲ್ಲ," ಎಂದೆ. "ನನ್ನ ಮುಂದೆ ಒಬ್ಬ ಬೋಳು ತಲೆಯ ಮುದುಕ ಕೂತಿದ್ದ ಕಣೇ. ಆ ತಲೆ ಅಲ್ಲಾಡಿದಾಗೆಲ್ಲ ನಾನೂ ಅಲ್ಲಾಡಿಸಿದೆ."