ಅಮ್ಮನ ತಪಾಸಣೆ

ಜ್ವರ ಅಳೆಯುವ ಯಂತ್ರದಲ್ಲಿ ಹಸಿರು ದೀಪ ಹೊತ್ತಿತು, ಅಮ್ಮನಿಗೆ ಜ್ವರವಿಲ್ಲ! ವಿಮಾನ ನಿಲ್ದಾಣದ ನರ್ಸು ಕೈಗವಸು ಕಿತ್ತು, ವರ್ಷದ ಮೇಲೆ ಪರದೇಶದಿಂದ ಮರಳಿದ ತನ್ನ ತಾಯಿಯನ್ನು ತಬ್ಬಲು ಕೈ ಚಾಚಿದಳು.

"ಅಲ್ಲೇ ನಿಲ್ಲೇ!" ಅಮ್ಮ ಹಿಂದೆ ಸರಿದಳು. "ದೇಶದೇಶದ ಕೆಮ್ಮೆಲ್ಲ ನಿನ್ನ ಮುಖಕ್ಕೇ ಬೀಳತ್ತೆ. ನಿನಗೆ ಜ್ವರ ಇದ್ಯಾ ಅಂತ ಯಾರಾದ್ರೂ ನೋಡಿದ್ರಾ? ಮನೆಗೆ ಹೊತ್ಕೊಂಡು ಹೋಗಿ ನಿನ್ನ ಮಗೂಗೆ ಅಂಟಿಸಿದ್ರೆ? ಕೊಡಿಲ್ಲಿ ಅದನ್ನ!"

ಯಂತ್ರವನ್ನು ಕಸಿದುಕೊಂಡು ಮಗಳ ಹಣೆಗೆ ಗುರಿಯಿಟ್ಟಳು. ಮತ್ತೆ ಹಸಿರು. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು.

"ಇನ್ನಾದ್ರೂ ಬಾರಮ್ಮ."

"ಈ ಡಬ್ಬೀನ ಯಾರು ನಂಬ್ತಾರೆ?" ಅಮ್ಮ ಕೈಯ ಹಿಂಬದಿಯನ್ನು ಮಗಳ ಹಣೆಗೆ ಒತ್ತಿದಳು. ಆಮೇಲೆ ಕೆನ್ನೆಗೆ, ಕುತ್ತಿಗೆಗೆ. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೂ ಕೈ ತೆಗೆಯಲಿಲ್ಲ.

ಹಿಂದಿದ್ದ ದಢೂತಿ ಮೀಸೆಯವನು ಟೋಪಿ ತೆಗೆದು ಹಣೆ ಮುಂದೆ ಮಾಡಿದ. "ಅಮ್ಮಾ, ನನಗೂ ಹೀಗೇ ನೋಡಿಬಿಡಿ."