ಖಾಜಾಬಿಯ ಹೊಸ್ತಿಲಿಗೆ ಬಂದ ಬಳ್ಳಿ

೨೦೬೧ರ ಮಾರ್ಚ್ ೯, ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ಅಂತರ್ಜಾಲದ ಬಳ್ಳಿ ಕರಡಿಹಾಳ ಊರಿನ ಕೊನೆಯ ಮನೆಯಿಂದ ಎರಡು ಮೀಟರ್ ದೂರದಲ್ಲೇ ನಿಂತಿತ್ತು. ಜನರ ಮಾತು ಕೇಳಿಸಿದ ಕಡೆಗಷ್ಟೇ ಬೆಳೆಯುವ ಬಳ್ಳಿ ಅದು. ಸಂಜೆಯೊಳಗೆ ಎಲ್ಲ ಮನೆಗಳನ್ನೂ ಮುಟ್ಟದಿದ್ದರೆ ಅದನ್ನು ಕಿತ್ತು ಬೇರೆ ಊರಿಗೆ ಒಯ್ಯುವವರಿದ್ದರು.

“ಬಳ್ಳಿ ಜೋಡಿ ಏನ್ ಮಾತಾಡ್ಲೆವ್ವಾ? ನನಗೇನ್ ಹುಚ್ಚ ಹಿಡದೈತೇನ?” ಎಂದಳು ಆ ಮನೆಯ ಖಾಜಾಬಿ, ಹೊಸ್ತಿಲಲ್ಲಿ ಕೂತು ಹಳೆ ಬಟ್ಟೆಯ ಕೌದಿ ಹೊಲಿಯುತ್ತಲೇ.

ಬಳ್ಳಿ ನೋಡಿಕೊಳ್ಳುವ ನೀಲಗಂಗವ್ವ ಅಗಲವಾದ ಎಲೆಯೊಂದನ್ನು ಅವಳತ್ತ ತಿರುಗಿಸಿದಳು. ಪರದೆಯಂತೆ ಬೆಳಗಿದ ಅದರಲ್ಲಿ ಬೀದರ ಕಡೆಯ ಹುಡುಗಿಯೊಬ್ಬಳು ತನ್ನ ಮೊದಲ ಕೌದಿ ಹೊಲಿಯುತ್ತಿದ್ದಳು.

“ಅಯ್ಯ ಖೋಡಿ, ನಡುವಿಂದ ಹೊಲೀತಾರೇನ? ಅಂಚಿನಿಂದ ಸುತ್ತಿಕೋತ ಬಾ!” ಎಂದು ಖಾಜಾಬಿ ಎಲೆಗೆ ಗದರಿದಳು.

“ಬಿಚ್ತೀನ್ರಿ ಅಜ್ಜಿ,” ಎಂದಿತು ಎಲೆ, ಆ ಹುಡುಗಿಯ ದನಿಯಲ್ಲಿ.

ಮಧ್ಯಾಹ್ನದವರೆಗೂ ಖಾಜಾಬಿ ಬೈಯುತ್ತಾ ಕಲಿಸಿದಳು. ಆಮೇಲೆ ನೀಲಗಂಗವ್ವ ಎದೆಯುಬ್ಬಿಸಿ ಅಳತೆ ಟೇಪು ಹಿಡಿದಳು. ಬಳ್ಳಿ ಹೊಸ್ತಿಲು ದಾಟಿ ಒಳಗೆ ಬಂದಿದ್ದು ೩೧ ಸೆಂಟಿಮೀಟರ್.